ಅಚ್ಛನ ಕೊರಳಿನ ತೋರ್ತು

"ನೀವ್ಯಾಕೆ ಬಂದ್ರಿ?"

ಕೋಝಿಕ್ಕೋಡಿನ ಚರ್ಮರೋಗದ ಆಸ್ಪತ್ರೆಯಲ್ಲಿ, ಬೆಂಚಿನ ತುದಿಗೆ ಕುಳಿತಿದ್ದ ಗಂಡ ರತೀಶನನ್ನು ಕಂಡೊಡನೆ ಪ್ರಸೀದ ಅಲ್ಲೇ ನಿಂತಳು. ಅವಳು ತವರು ಸೇರಿದ ಮೇಲೆ ಇಬ್ಬರೂ ಎದುರುಬದುರಾದದ್ದು ಇದೇ ಮೊದಲು.

"ನಿನ್ನ ಅಚ್ಛನ್ ಫೋನ್ ಮಾಡಿದ್ರು. ಮಗಳಿಗೆ ಆಟೋದಲ್ಲಿ ಕೂರೋಕೂ ಆಗ್ತಿಲ್ಲ ಅಂದ್ರು…"

"ಕಾಯಿಲೆ ತಂದುಕೊಟ್ಟೋರೇ ಕ್ಷೇಮ ವಿಚಾರಿಸ್ತಾರಾ!"

ರತೀಶ ಬೆಂಚಿನಿಂದ ಎದ್ದು ಪಕ್ಕಕ್ಕೆ ನಿಂತ. ವರ್ಷದ ಅರ್ಧಭಾಗ ಅವನು ದೂರದ ರತ್ನಗಿರಿಯ ಮೀನುದೋಣಿಗಳಲ್ಲಿ ದುಡಿಯುವವನು. ಅವಳ ಗುಪ್ತಾಂಗದಲ್ಲಿ ನೀರುಗುಳ್ಳೆಗಳೆದ್ದು, ಒಡೆದು ಉರಿಯತೊಡಗಿದಾಗ ಊರಿನ ನರ್ಸಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಗಂಡ ಹೊರಗಡೆ ಇರೋನಾ?" ಅವಳು ಗಂಡನ ನಡತೆಯನ್ನು ಶಂಕಿಸಲು ಅಷ್ಟೇ ಸಾಕಾಯಿತು. ಅವನು ರಕ್ತಪರೀಕ್ಷೆ ಮಾಡಿಸಿಕೊಂಡು ದೋಷವಿಲ್ಲವೆಂದು ತೋರಿಸಿದರೂ ಅವಳು ನಂಬದೆ ತವರಿಗೆ ಹೊರಟುಹೋದಳು.

ಸೈನಬಾ ಡಾಕ್ಟರು ಪರದೆಯ ಹಿಂದೆ ಸಾವಧಾನವಾಗಿ ಪರೀಕ್ಷಿಸಿದರು.

"ಯೋನಿಯ ಎರಡೂ ಬದಿ ಚರ್ಮ ಬಿರಿದಿದೆ. ಕಂಕುಳಲ್ಲೂ ಶುರುವಾಗಿದೆ. ಇದು ಅಂಟುರೋಗದ ಹಾಗೆ ಕಾಣ್ತಿಲ್ಲ, ಮಗಳೇ. ಮನೇಲಿ ಇನ್ಯಾರಿಗಾದ್ರೂ ಇದೆಯಾ?"

"ಇಲ್ಲ."

ಬಾಗಿಲಾಚೆ ನಿಂತಿದ್ದ ರತೀಶ ಕೆಮ್ಮಿದ. "ಇವಳ ಅಚ್ಛನ್ ಕೊರಳಿಗೆ ಸುತ್ತಿದ ತೋರ್ತು ಯಾವತ್ತೂ ತೆಗೆಯಲ್ಲ, ಡಾಕ್ಟರೇ. ನಮ್ಮ ಮದುವೇಲೂ ತೆಗೀಲಿಲ್ಲ. ಬೇಸಿಗೇಲಿ ಅದರ ತುಂಬ ಕಲೆ."

ಮಗಳ ಜೊತೆ ಬಂದಿದ್ದ ತಂದೆ ಕುಮಾರನ್ ಒಳಗೆ ಬಂದು, ಆ ತೆಳು ಟವೆಲನ್ನು ಸರಿಸಿದರು. ಕೊರಳ ಸುತ್ತ ಅದೇ ಗುಳ್ಳೆ, ಅದೇ ಬಿರುಕು!

"ಸರ್ಪಕೋಪ… ನಮ್ಮಮ್ಮಂಗೂ ಇತ್ತು. ನಾಗಬನಕ್ಕೆ ಅರಿಶಿನ ಒಪ್ಪಿಸ್ತಾ ಬಂದೆ. ಬಾಯಿಬಿಟ್ರೆ ಮಗಳಿಗೆ ಗಂಡೇ ಸಿಗಲ್ಲ ಅಂತ…"

"ಇದರಲ್ಲಿ ಸರ್ಪದ ಪಾಲಿಲ್ಲ, ಚೇಟ್ಟಾ. ಪಾಲಿರೋದು ನಿಮ್ಮ ವಂಶದ್ದು."

ಮರಗಟ್ಟಿಸಿ ತೆಗೆದ ಚರ್ಮದ ಚೂರು ಸೂಕ್ಷ್ಮದರ್ಶಕದ ಕೆಳಗೆ ಅದನ್ನೇ ಹೇಳಿತು. ರೋಗದ ಹೆಸರು ಹೈಲಿ-ಹೈಲಿ. ಚರ್ಮದ ಕಣಗಳ ಬೆಸುಗೆ ಹುಟ್ಟಿನಿಂದಲೇ ಸಡಿಲ. ಬೆವರು, ಉಜ್ಜಾಟ ತಗುಲಿದರೆ ಬಿಚ್ಚಿಕೊಳ್ಳುತ್ತದೆ. ಬೇರುಸಹಿತ ಹೋಗದು, ಆದರೆ ಹತೋಟಿಗೆ ಬರುತ್ತದೆ. ಯಾರಿಗೂ ಅಂಟದು.

ಮುಲಾಮು, ಮಾತ್ರೆ, ಸಡಿಲವಾದ ಹತ್ತಿಬಟ್ಟೆ… ಉರಿ ಇಳಿಯಿತು. ತಂದೆಯೂ ಅದೇ ಮುಲಾಮು ಹಚ್ಚಿಕೊಂಡು, ಕೊರಳು ತೆರೆದು ಚಹದಂಗಡಿಗೆ ಹೊರಟರು. ಆದರೆ ಪ್ರಸೀದಳ ಮನಸ್ಸಿನ ಗಾಯ ಒಣಗಲಿಲ್ಲ. 'ನಿರಪರಾಧಿಯನ್ನು ಎಂಥ ಮಾತಿನಿಂದ ಇರಿದೆ!'

ಒಂದು ಸಂಜೆ ಅವಳೇ ಬೇಪೂರಿನ ಕಡಲದಡಕ್ಕೆ ಬಂದಳು. ರತೀಶ ಬಲೆ ಹೆಣೆಯುತ್ತಿದ್ದ.

"ರತೀಶೇಟ್ಟಾ… ಅವತ್ತು ಆಡಿದ್ದು ತಪ್ಪು."

"ಹೌದು. ತುಂಬ ನೋವಾಯ್ತು."

"ಈಗ?"

"ಈಗ ಹಸಿವು. ಏನಾದ್ರೂ ತಂದಿದೀಯಾ?"

ಅವಳು ಬುತ್ತಿ ಬಿಚ್ಚಿದಳು. ಮರಗೆಣಸು, ಮತ್ತಿ ಮೀನಿನ ಸಾರು. ಅವನು ತಿನ್ನುವುದನ್ನು ನೋಡುತ್ತ, ಹೇಳಲೇಬೇಕಾದುದನ್ನು ಹೇಳಿದಳು.

"ನಮಗೆ ಹುಟ್ಟೋ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆಯಂತೆ. ಯೋಚ್ನೆ ಮಾಡಿ ಹೇಳಿ."

"ನಿನ್ನ ಕೋಪ ಬರೋ ಸಾಧ್ಯತೆ ಪೂರ್ತಿ ಇದೆ. ಅದಕ್ಕೇ ಹೆದರಿಲ್ಲ, ಅರ್ಧಕ್ಕೆ ಹೆದರ್ತೀನಾ?"

"ತಮಾಷೆ ಬೇಡ!"

"ಬಂದ್ರೆ ಮುಚ್ಚಿಡೋದು ಬೇಡ. ಅಷ್ಟೇ ನನ್ನ ಷರತ್ತು."

ಅವಳ ಕಣ್ಣು ತುಂಬಿತು. ಅವನು ಕೈ ಚಾಚಿ, ಅನುಮಾನಿಸಿ ನಿಲ್ಲಿಸಿದ.

"ನೋವಾಗುತ್ತಾ?"

"ಆದ್ರೆ ಹೇಳ್ತೀನಿ… ನೀವು ಹತ್ತಿರ ಕೂತ್ಕೊಳ್ಳಿ."