ಶೇಂಗಾ ಸೇರಿಲ್ಲ

ಪುಡಿ ಕದ್ದಿದ್ದರೆ ಮುರುಗೇಶಪ್ಪ ಕ್ಷಮಿಸಿಬಿಡುತ್ತಿದ್ದ. ಪಾಲುದಾರ ಮಲ್ಲಿಕಾರ್ಜುನಪ್ಪ ಕದ್ದದ್ದು ಲೇಬಲ್ಲನ್ನು. ಗುರೆಳ್ಳು ಚಟ್ನಿಪುಡಿಯ ಪೊಟ್ಟಣದ ಮೇಲೆ ‘ಶೇಂಗಾ ಸೇರಿಲ್ಲ’ ಎಂದು ಅಚ್ಚು ಹಾಕಿಸುವ ಉಪಾಯ, ಎಪ್ಪತ್ತೆಂಟನೇ ಇಸವಿಯಲ್ಲಿ, ಭೂಮಂಡಲದಲ್ಲೇ ಮೊದಲು ಹೊಳೆದದ್ದು ಹೊನ್ನಾಳಿಯ ಈ ತಲೆಗೆ! ಶೇಂಗಾ ತಿಂದರೆ ಗಂಟಲು ಕಟ್ಟುವವರು ಜಗಳೂರಿನಿಂದ ಬಸ್ಸು ಹತ್ತಿ ಬರುತ್ತಿದ್ದರು; ಘಮಕ್ಕೆ ತುಂಗಭದ್ರೆಯ ಮೀನುಗಳೂ ದಡ ಹತ್ತುತ್ತಿದ್ದವು.

ಅವನನ್ನು ತಮ್ಮನಂತೆ ಕಂಡು, ಅಂಟು ಹಚ್ಚುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದ. “ಬೋಣಿ ಆದ ಲೇಬಲ್ಲಿನಾಗೆ ಒಂದಕ್ಷರಾನೂ ಮುಟ್ಟಬಾರದಪ್ಪಾ. ಲಕ್ಷ್ಮಿ ದಾರಿ ತಪ್ತಾಳೆ.” ಅದೇ ತಮ್ಮ ಲೇಬಲ್ಲಿನ ಅಚ್ಚಿನ ಬ್ಲಾಕು ಎತ್ತಿಕೊಂಡು ಚನ್ನಗಿರಿಗೆ ಓಡಿ ಸ್ವಂತ ಗಿರಣಿ ಹಾಕಿದ.

ಸೇಡಿನ ಲೆಕ್ಕ ಸರಳವಾಗಿತ್ತು. ನ್ಯಾಮತಿಯ ಹೆಡ್‌ಮಿಸ್ಟ್ರೆಸ್ ಶಾಂತಾದೇವಿಗೆ ಶೇಂಗಾ ಸೋಕಿದರೂ ಮುಖ ಊದುತ್ತದೆ. ಲೇಬಲ್ಲು ನಂಬಿ ಈಗ ಚನ್ನಗಿರಿಯ ಪುಡಿಯನ್ನಷ್ಟೇ ತಿನ್ನುತ್ತಾಳೆ. ಮುಖ ಊದಿದರೆ ಪೊಲೀಸರು ಪೊಟ್ಟಣ ಹಿಡಿದು ತಯಾರಿಸಿದವನ ಬಾಗಿಲಿಗೇ ಹೋಗುತ್ತಾರೆ. ಕೊಲೆಯೇನಲ್ಲ. ನಂಬಿಕೆ ಮುರಿದರೆ ಹೆಂಗಿರುತ್ತದೆ ಎಂದು ದ್ರೋಹಿಗೂ ತಿಳಿಯಲಿ.

“ಏನ್ ಮುರುಗೇಶಣ್ಣಾ, ವೈರಿ ಪುಡಿ ನೀವೇ ಕೊಳ್ತೀರಿ?” ಎಂದು ನಕ್ಕ ನ್ಯಾಮತಿಯ ಅಂಗಡಿಯ ಓಬಣ್ಣ.

“ಎಷ್ಟು ಕೆಟ್ಟೈತೆ ನೋಡಾಕೆ ಕಣೋ!”

ಪೊಟ್ಟಣದ ಬುಡವನ್ನು ಹಬೆಗೆ ಹಿಡಿದು ಬಿಚ್ಚಿದ. ಹುರಿದ ಶೇಂಗಾವನ್ನು ಬೆಳ್ಳುಳ್ಳಿಯ ಜೊತೆ ಬ್ರಹ್ಮನಿಗೂ ಗುರುತು ಹತ್ತದಷ್ಟು ನುಣ್ಣಗೆ ಅರೆದು ಬೆರೆಸಿದ. ಮೈದಾ ಅಂಟು ಸವರಿ ಹೆಬ್ಬೆರಳಿನಿಂದ ಒತ್ತಿದ. ಲಕ್ಷ ಪೊಟ್ಟಣ ಅಂಟಿಸಿದ ಕೈ, ಕಣ್ಣು ಬೇಕಿರಲಿಲ್ಲ. ಕಣ್ಣೆಲ್ಲ ಪೊಟ್ಟಣದ ಮುಂಬದಿಯ ಆ ಎರಡು ಪದಗಳ ಮೇಲೇ ಉರಿಯುತ್ತಿತ್ತು. ಶಾಂತಾದೇವಿ ಸಂತೆಗೆ ಬರುವ ಹೊತ್ತಿಗೆ ಪೊಟ್ಟಣ ಓಬಣ್ಣನ ಕಣ್ಣು ತಪ್ಪಿಸಿ ಅವನ ಅಂಗಡಿಯ ಸಾಲಿನಲ್ಲಿ ಮರಳಿ ಮುಂದೆ ಕೂತಿತ್ತು.

ಆಕೆಯ ಮುಖ ಬೂದುಗುಂಬಳವಾಯಿತು. ಡಾಕ್ಟರ ಸೂಜಿ ಉಸಿರು ಉಳಿಸಿತು. ಮುರುಗೇಶಪ್ಪ ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಸುದ್ದಿಗೆ ಕಾದ. ಜೀಪು ಬಂದು ಅವನ ಬಾಗಿಲಲ್ಲೇ ನಿಂತಿತು.

“ಚನ್ನಗಿರಿಗೆ ಹೋಗ್ರಿ ಸಾಹೇಬ್ರೆ,” ಎಂದ.

“ಅಲ್ಲಿಂದಾನೇ ಬಂದ್ವಿ. ‘ಮಾಲೀಕ ನಮ್ಮಣ್ಣ, ನಾನು ಬರೀ ಕೂಲಿ, ಲೇಬಲ್ ನೋಡ್ರಿ’ ಅಂದ ನಿಮ್ ತಮ್ಮ.”

ದಫೇದಾರ ಜಯಪ್ಪ ಪೊಟ್ಟಣವನ್ನು ತಲೆಕೆಳಗು ಮಾಡಿದ. ಗುರುವಿನ ಮಾತು ಮೀರದ ಶಿಷ್ಯ ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಬುಡದ ಮಡಿಕೆಯಲ್ಲಿ ಸಣ್ಣಗೆ ಅಚ್ಚಾಗಿತ್ತು: ‘ತಯಾರಕರು: ಮುರುಗೇಶಪ್ಪ, ಹೊನ್ನಾಳಿ’. ಆ ಹೆಸರಿನ ಮೇಲೆ, ಒಣಗಿದ ಮೈದಾ ಅಂಟಿನಲ್ಲಿ, ಅವನದೇ ಹೆಬ್ಬೆರಳು ಗೆರೆಗೆರೆಯಾಗಿ ಮೂಡಿತ್ತು.