ಎರಡು ತಿಂಗಳ ಪಡಿ

ಎರಡು ತಿಂಗಳಿಂದ ತಮ್ಮ ಮನೆಯಲ್ಲಿ ಬೇಯುತ್ತಿದ್ದುದು ಯಾರ ಅಕ್ಕಿ ಎಂಬುದು ಗೋದಾವರಿಗೆ ತಿಳಿದದ್ದು ಬೊಂಬಾಯಿಗೆ ಹೊರಡುವ ಹಿಂದಿನ ದಿನ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಾತು.

ಅವಳ ಅಪ್ಪಯ್ಯ ಗಣಪಯ್ಯ ಕೋಟದ ಬಳಿಯ ದೇವಸ್ಥಾನವೊಂದರಲ್ಲಿ ನೈವೇದ್ಯದ ಅಡುಗೆಯವರು. ಗಂಟಲಿನ ಹುಣ್ಣು ಕ್ಯಾನ್ಸರ್, ರೇಡಿಯಂ ಚಿಕಿತ್ಸೆಗೆ ಬೊಂಬಾಯಿಗೇ ಹೋಗಬೇಕು ಎಂದಿದ್ದರು ಡಾಕ್ಟರು. ಅಮ್ಮನ ಬಳೆ ಹಡಗಿನ ಟಿಕೇಟಾಯಿತು. ಅಲ್ಲಿ ಹೋಟೆಲಿನಲ್ಲಿದ್ದ ಸೋದರಮಾವ ಹಿರಿಯಣ್ಣ, ಮಲಗಲು ಜಾಗವೂ ಆಸ್ಪತ್ರೆಗೆ ದಿನದ ಗಂಜಿಯೂ ತನ್ನದೆಂದು ಬರೆದ. ಆಸ್ಪತ್ರೆಯಲ್ಲಿ ಬಡವರಿಗೆಂದಿಟ್ಟ ಧರ್ಮದ ಹಾಸಿಗೆಯೂ ಸಿಕ್ಕಿತು. ಉಳಿದದ್ದು ಊರಲ್ಲಿ ಅಮ್ಮ, ಇಬ್ಬರು ತಂಗಿಯರ ಊಟ.

ಅದಕ್ಕೆ ಪಡಿ ಇತ್ತಲ್ಲ, ಅಡುಗೆಯವರಿಗೆ ದೇವಸ್ಥಾನ ಕೊಡುವ ಅಕ್ಕಿ! ಅಪ್ಪಯ್ಯ ಹಾಸಿಗೆ ಹಿಡಿದಂದಿನಿಂದ ಅವರ ಬದಲು ನೆರೆಮನೆಯ ಶಾಮರಾಯ ಒಲೆಯ ಮುಂದೆ ನಿಂತು, ಪಡಿಯನ್ನು ತಂದು ಇವರ ಜಗಲಿಯಲ್ಲಿಟ್ಟು ಹೋಗುತ್ತಿದ್ದ. "ಮೊಕ್ತೇಸರ್ರ್ ಒಪ್ಪಿರ್" ಎಂದಿದ್ದ.

ಉಪಕಾರ ನೆನೆಯಲು ಹೋದರೆ, ದೇವಸ್ಥಾನದ ಆಡಳಿತ ನೋಡುವ ಆ ಮೊಕ್ತೇಸರರ ಹೆಂಡತಿ ಪ್ರಭಾವತಮ್ಮ ಕಣ್ಣರಳಿಸಿದರು. "ನಿಮ್ಮನಿ ಪಡಿಯಾ? ಅದ್ ನಿಂತ್ ಎರಡ್ ತಿಂಗ್ಳ್ ಆಯ್ತಲ್ಲೆ ಹೆಣ್ಣೆ! ಮನಿ ಮಗನೋ ಅಳಿಯನೋ ಬೇಯ್ಸ್ರೆ ಮಾತ್ರ ಆ ಮನಿಗೆ. ಶಾಮ ಬೇಯ್ಸಿದ್ ಶಾಮನ ಮನಿಗೆ."

ಶಾಮರಾಯ ದೇವಸ್ಥಾನದ ಬಾವಿಯಲ್ಲಿ ನೀರು ಸೇದುತ್ತಿದ್ದ.

"ಹ್ವಾಯ್ ಶಾಮರಾಯ್ರೆ, ಎರಡ್ ತಿಂಗ್ಳ್ ನಿಮ್ಮಮ್ಮ ಎಂತ ಉಂಡ್ರ್?"

ಹಗ್ಗ ನಿಂತಿತು. ಅವಳ ಕಣ್ಣನ್ನು ಒಮ್ಮೆ ನೋಡಿ, ಬಾವಿಯತ್ತ ಬಗ್ಗಿದ. "ಗೆಣಸ್. ಅಮ್ಮಂಗೆ ಗೆಣಸಂದ್ರೆ ಜೀವ."

"ಎರಡ್ ತಿಂಗ್ಳಾ?"

"ಮಧ್ಯ ಮಧ್ಯ ಹಲ್ಸಿನ್ಕಾಯಿ."

ಅವಳಿಗೆ ನಗು ಬಂತು. ಹಿಂದೆಯೇ ಅಳು. "ಅಳಿಯನ ಪದ್ಧತಿ ಗೊತ್ತಿದ್ದೂ ನನ್ ಹತ್ರ ಯಾಕ್ ಕೇಣ್ಲಿಲ್ಲ?"

"ಕೇಂಡಿದ್ರೆ ನೀ ಹೂಂ ಅಂತಿದ್ದೆ. ಅಪ್ಪಯ್ಯಂಗೆ ಗುಣ ಆಯ್ಕಂದ್, ತಲಿ ಬಗ್ಸಿ. ಹಂಗ್ ಸಿಕ್ಕುದ್ ನಂಗ್ ಬೇಡ."

ನಿಜವೇ. ಇಷ್ಟು ದಿನ ಅವಳ ಬಾಯಲ್ಲಿ 'ಬೇಡ' ಎಂಬ ಮಾತಿಗೆ ಜಾಗವೇ ಇರಲಿಲ್ಲ. ಯಾರು ಏನು ಕೊಟ್ಟರೂ ಕೈಯೊಡ್ಡಬೇಕು. ದೇವರೆದುರು ನಿಂತರೂ ಅಪ್ಪಯ್ಯನ ಗಂಟಲಿನಾಚೆ ಏನನ್ನೂ ಬೇಡಲು ಧೈರ್ಯವಿರಲಿಲ್ಲ. ಜಗಲಿಯಲ್ಲಿ ಇವನ ಹೆಜ್ಜೆ ಕೇಳಿದಾಗ ಹಗುರಾಗುತ್ತಿದ್ದ ಎದೆಯನ್ನು ಅವಳೇ ಬೈದು ಸುಮ್ಮನಾಗಿಸಿದ್ದಳು.

"ನಾ ಹೂಂ ಅನ್ದೇ ಇದ್ರೂ ಅಕ್ಕಿ ಬಂತಲ್ದಾ?"

"ಬಂತ್. ನೀವ್ ತಿರ್ಗಿ ಬಪ್ಪಲ್ಲಿವರಿಗೂ ಬತ್ತ್."

"ಹಂಗಾರೆ ಈಗ ಹೂಂ ಅಂದ್ರೆ ಅದ್ ಅಕ್ಕಿಗಲ್ಲ."

ಹಗ್ಗ ಜಾರಿ ಕೊಡಪಾನ ಬಾವಿಗೆ ಬಿತ್ತು. ಗೋದಾವರಿ ಕಣ್ಣು ತಪ್ಪಿಸಲಿಲ್ಲ. "ಈಗ ಕೇಣ್ಲಕ್ಕ್" ಎಂದಳು.

ಶಾಮರಾಯ ಕೇಳಿದ, ಗರ್ಭಗುಡಿಯ ಮುಂದೆ ಮಾತಾಡುವಷ್ಟು ಮೆಲ್ಲಗೆ.

ಮರುದಿನ ಮಾಬುಕಳದ ಕಡವಿನಲ್ಲಿ ಗಣಪಯ್ಯನವರನ್ನು ಅವನೇ ಎತ್ತಿ ದೋಣಿಯಲ್ಲಿ ಕೂರಿಸಿದ. ಮದುವೆಯ ಮಾತು ತಿಳಿದಿದ್ದ ಅವರು ಅಂಗೈಯನ್ನು ಅವನ ನೆತ್ತಿಯ ಮೇಲಿಟ್ಟು ತುಸು ಹೊತ್ತು ತೆಗೆಯಲೇ ಇಲ್ಲ.

ದೋಣಿ ಹೊರಟಿತು. ಅದು ಆಚೆ ದಡ ಮುಟ್ಟುವ ತನಕ ಶಾಮರಾಯ ನಿಲ್ಲುವಂತಿರಲಿಲ್ಲ; ಮಧ್ಯಾಹ್ನದ ನೈವೇದ್ಯಕ್ಕೆ ಒಲೆ ಹಚ್ಚಬೇಕಿತ್ತು. ಅಪ್ಪಯ್ಯನ ತಲೆ ಹೆಗಲ ಮೇಲಿದ್ದುದರಿಂದ ಅವಳಿಗೆ ಕೈ ಎತ್ತಲೂ ಆಗಲಿಲ್ಲ. ನಡೆದುಹೋಗುತ್ತಿದ್ದ ಅವನನ್ನು ನೋಡುತ್ತಲೇ ಇದ್ದಳು.