ಅರ್ಧ ರಾಗದ ಸೇಡು

"ಪೋಷಕರ ಸಭೆ ಕೆಳಗಡೆ ಹಾಲ್‌ನಲ್ಲಿ, ಅಮ್ಮ. ಇದು ಕ್ಲಾಸು."

ಬಾಗಿಲಲ್ಲಿ ಸೀರೆಯ ಅಂಚು ಕಂಡು, ತಲೆ ಎತ್ತದೆಯೇ ಹೇಳಿದ ಅವನು. ಕೈಯಲ್ಲಿ ಎರಡು ಕೋಲು, ಎದುರಿಗೆ ನೆಲದ ಮೇಲೆ ಉದ್ದನೆಯ ಮರದ ಪಟ್ಟಿಗಳ ವಾದ್ಯ. ವಿಶ್ವಸಂಗೀತ ವಿಭಾಗದ ಹುಡುಗ ಹುಡುಗಿಯರು ಕಿಸಕ್ಕನೆ ನಕ್ಕರು.

ಬಾಗಿಲಲ್ಲಿ ನಿಂತವಳು ಅಲುಗಲಿಲ್ಲ.

"ಪೋಷಕಿ ಹೌದು ಸರ್. ನನ್ನ ಮಗಳು ಇದೇ ಕಾಲೇಜಲ್ಲಿ ಓದ್ತಿದ್ದಾಳೆ. ಆದ್ರೆ ನಾನು ಬಂದಿರೋದು ಪಾಠ ಕೇಳೋಕೆ. ಹೊಸ ವಿದ್ಯಾರ್ಥಿನಿ."

ಆ ದನಿ!

ಅವನ ತಲೆ ಥಟ್ಟನೆ ಮೇಲೆದ್ದಿತು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ನೀ... ನೀವು..."

"ಎಲ್ಲಿ ಕೂತ್ಕೊಳ್ಳಲಿ ಸರ್?"

'ಗುರುತು ಸಿಕ್ತಾ? ಸಿಗಲಿ. ಚೆನ್ನಾಗೇ ಸಿಗಲಿ. ನಿನ್ನ ಮಾನ ಬೀದಿಗೆ ತರೋಕೆ ಬಂದಿದ್ದೀನಿ ಕಣೋ!'

ಅವಳ ಸಿಟ್ಟಿಗೆ ಇಪ್ಪತ್ತು ವರ್ಷ ವಯಸ್ಸು.

ಆಗ ಇದೇ ಕಾಲೇಜಿನಲ್ಲಿ ಅವರಿಬ್ಬರೂ ಸಹಪಾಠಿಗಳು. ವಿಭಾಗದಲ್ಲಿ ಇದ್ದದ್ದು ಇದೊಂದೇ ವಾದ್ಯ, ಸಮುದ್ರದಾಚೆಯ ಯಾವುದೋ ಖಂಡದಿಂದ ಬಂದದ್ದು. ಇದನ್ನು ಒಬ್ಬರು ನುಡಿಸುವಂತಿಲ್ಲ. ಒಂದೇ ಸಾಲು ಪಟ್ಟಿಗಳ ಆಚೆಗೊಬ್ಬರು, ಈಚೆಗೊಬ್ಬರು ಎದುರುಬದುರು ಕೂರಬೇಕು. ಒಬ್ಬರ ಪೆಟ್ಟು ಇನ್ನೊಬ್ಬರ ಪೆಟ್ಟಿನ ಸಂದಿಗೆ ಬೀಳಬೇಕು. ಒಬ್ಬರೇ ಬಾರಿಸಿದರೆ ಹಲ್ಲುದುರಿದ ಬಾಯಿಯ ಮಾತು. ಇಬ್ಬರೂ ಸೇರಿದರೆ ಮಾತ್ರ ರಾಗ.

ಅವರಿಬ್ಬರೂ ಜೋಡಿಯಾಗಿದ್ದರು. ವಾದ್ಯದ ಮುಂದೆ, ಕ್ಯಾಂಟೀನಿನ ಬೆಂಚಿನ ಮೇಲೆ, ಮಳೆಯಲ್ಲಿ ಒಂದೇ ಕೊಡೆಯ ಕೆಳಗೆ...

ಕೊನೆಯ ಪರೀಕ್ಷೆಯ ದಿನ ಅವನು ಬರಲಿಲ್ಲ.

ಅವಳು ಒಬ್ಬಳೇ ಕೂತು ತನ್ನ ಅರ್ಧವನ್ನು ಬಾರಿಸಿದಳು. ಪರೀಕ್ಷಕರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಫೇಲಾದಳು. "ಇನ್ನು ಓದಿದ್ದು ಸಾಕು" ಎಂದ ಅಣ್ಣ ಅದೇ ತಿಂಗಳು ಮದುವೆ ಮಾಡಿ ಮುಗಿಸಿದ. ಆ ಮದುವೆ ಮುರಿದುಬಿತ್ತು. ಉಳಿದದ್ದು ಒಬ್ಬಳು ಮಗಳು, ಬೇಕರಿಯ ಬೆಳಗಿನ ಪಾಳಿ, ಹಿಟ್ಟು ನಾದಿ ನಾದಿ ಗಟ್ಟಿಯಾದ ಎರಡು ಕೈ.

ಅವನು? ಹೊರದೇಶದಲ್ಲಿ ಓದಿ ಬಂದು ಅದೇ ವಿಭಾಗದ ಮೇಷ್ಟ್ರಾಗಿದ್ದ!

ಯಾವ ನ್ಯಾಯ ಇದು? ಮುಳುಗಿದವಳು ಹಿಟ್ಟಿನ ತೊಟ್ಟಿಯ ಮುಂದೆ, ಮುಳುಗಿಸಿದವನು ಕರಿಹಲಗೆಯ ಮುಂದೆ!

* * *

ತರಗತಿಯಲ್ಲಿ ಅವಳಿಗೆ ಬಿದ್ದ ಹೆಸರು 'ಆಂಟಿ'.

"ಆಂಟಿ, ಬನ್ನು ತಂದಿದ್ದೀರಾ?"

"ತಂದಿದ್ದೀನಿ. ನಿನ್ನೆ ಕ್ಲಾಸಿಗೆ ಚಕ್ಕರ್ ಹೊಡೆದವರಿಗೆ ಇಲ್ಲ."

"ಅಯ್ಯೋ ಆಂಟಿ, ನಮ್ಮಮ್ಮನೂ ಹಿಂಗೇ!"

ಬನ್ನು ತಿಂದರು, ನಕ್ಕರು. ಆದರೆ ಪರೀಕ್ಷೆಯೂ ಆಗಿದ್ದ ವರ್ಷದ ಸಂಗೀತ ಕಛೇರಿಗೆ ಜೋಡಿ ಆರಿಸಿಕೊಳ್ಳಿ ಎಂದಾಗ ಯಾರೂ ಆಂಟಿಯ ಕಡೆ ನೋಡಲಿಲ್ಲ. ತರಗತಿಯ ಸಂಖ್ಯೆ ಬೆಸ. ಒಬ್ಬಳು ಮಿಕ್ಕಳು.

"ನಿಮ್ಮೆದುರು... ನಾನೇ ಕೂರ್ತೀನಿ," ಎಂದ ಅವನು, ಕಿಟಕಿಯ ಕಡೆ ನೋಡುತ್ತ. "ಅಂಕ ಕೊಡೋದು ಹೊರಗಿನ ಪರೀಕ್ಷಕರು. ನಾನಲ್ಲ."

ಅವಳೊಳಗೆ ಏನೋ ಕಿಡಿ ಹತ್ತಿತು. ಹುಡುಕುತ್ತಿದ್ದ ದಾರಿ ತಾನಾಗಿ ಬಂದು ಕಾಲಬುಡದಲ್ಲಿ ಬಿದ್ದಿತ್ತು!

'ತುಂಬಿದ ಸಭೆ. ನಡುವೆ ನಾನು ಕೋಲು ಕೆಳಗಿಡ್ತೀನಿ. ಆಗ ಗೊತ್ತಾಗುತ್ತೆ ನಿಂಗೆ, ಅರ್ಧ ಬಾರಿಸೋದು ಅಂದ್ರೆ ಏನು ಅಂತ.'

ಆ ಸಂಜೆ ಅಡುಗೆಮನೆಯಲ್ಲಿ ವಿಷಯ ಕೇಳಿದ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಮ್ಮ, ತಲೆ ಕೆಟ್ಟಿದೆಯಾ? ಅದು ನಿನ್ನ ಪರೀಕ್ಷೆನೂ ಹೌದು. ನೀನೂ ಫೇಲಾಗ್ತೀಯಾ!"

"ಆಗಲಿ. ನಂಗೆ ಅಭ್ಯಾಸ ಇದೆ."

"ಡಿಗ್ರಿಗೋಸ್ಕರ ಬೆಳಕು ಹರಿಯೋ ಮುಂಚೆ ಎದ್ದು, ಬಸ್ಸಲ್ಲಿ ತೂಕಡಿಸಿಕೊಂಡು ಓದಿದ್ದೆಲ್ಲ ನೀರಲ್ಲಿ ಹೋಮ?"

"ಪುಟ್ಟಿ, ನೀನು ಮಗು. ಸುಮ್ನಿರು."

"ಕಾಲೇಜಲ್ಲಿ ನಾನು ನಿನ್ನ ಸೀನಿಯರ್. ನೀನು ಸುಮ್ನಿರು!"

ಅವಳಿಗೆ ನಗು ಬಂತು. ಆದರೆ ಮನಸ್ಸು ಬದಲಾಗಲಿಲ್ಲ.

* * *

ಅಭ್ಯಾಸ ಶುರುವಾಯಿತು. ಮೊಣಕಾಲಿಗೆ ಮೊಣಕಾಲು, ನಡುವೆ ಮರದ ಪಟ್ಟಿಗಳು.

ಅವಳ ಕೈ ಏನನ್ನೂ ಮರೆತಿರಲಿಲ್ಲ. ಅವನ ಪೆಟ್ಟು ಎದ್ದ ಕೂಡಲೇ ಅವಳದು ಬೀಳುತ್ತಿತ್ತು. ಒಮ್ಮೊಮ್ಮೆ ಇಬ್ಬರೂ ಉಸಿರಾಡುವುದೂ ಹಾಗೆಯೇ, ಒಬ್ಬರ ನಂತರ ಒಬ್ಬರು. ಅದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಕೋಪ ಬರುತ್ತಿತ್ತು.

ಒಂದು ಮಧ್ಯಾಹ್ನ ಅವನು ಕೋಲು ನಿಲ್ಲಿಸಿದ.

"ನಿಮ್ಮ ಬೆರಳು... ಸುಟ್ಟಿದೆಯಲ್ಲ?"

"ಬೇಕರಿ ಒಲೆ ಸರ್. ನಿಮಗೆ ಬೇಡದ ವಿಷಯ."

"ಒಂದು ಮಾತು ಕೇಳಬೇಕಿತ್ತು. ಆವತ್ತು..."

"ಪಾಠದಲ್ಲಿ ಇಲ್ಲದ್ದು ಕೇಳಬೇಡಿ ಸರ್!"

ಅವನು ಬ್ಯಾಗಿನಿಂದ ಮುಲಾಮಿನ ಟ್ಯೂಬ್ ತೆಗೆದು ಅವಳ ಪಕ್ಕಕ್ಕೆ ಸರಿಸಿದ. ಅವಳು ಮುಟ್ಟಲಿಲ್ಲ. ಮನೆಗೆ ಹೋಗುವಾಗ ಮಾತ್ರ... ಯಾಕೋ ಚೀಲಕ್ಕೆ ಹಾಕಿಕೊಂಡಳು. ಹಾಕಿಕೊಂಡು ತನ್ನನ್ನೇ ಬೈದುಕೊಂಡಳು.

* * *

ಕಛೇರಿಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪ್ರಾಂಶುಪಾಲರು, ಪಕ್ಕದಲ್ಲಿ ದಪ್ಪ ಕನ್ನಡಕದ ಪರೀಕ್ಷಕಿ. ಹಿಂದೆಲ್ಲೋ ಉಗುರು ಕಚ್ಚುತ್ತ ಮಗಳು.

ರಾಗ ಎದ್ದಿತು. ಎಂಥ ರಾಗ! ಪಿಸುಗುಟ್ಟುತ್ತಿದ್ದ ಹುಡುಗರೂ ಸುಮ್ಮನಾದರು.

ರಾಗ ತುದಿಗೇರಿದ ಗಳಿಗೆಯಲ್ಲಿ, ಅವನ ಕಣ್ಣಿಗೆ ಕಣ್ಣಿಟ್ಟು, ಅವಳು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡಳು.

ಟಕ್... ... ಟಕ್... ... ಟಕ್.

ಸಭೆ ಬೆಚ್ಚಿತು. ಯಾರೋ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಪ್ರಾಂಶುಪಾಲರ ಹುಬ್ಬು ಗಂಟಾಯಿತು. ಅವನ ಹಣೆಯಿಂದ ಬೆವರು ಮರದ ಮೇಲೆ ತೊಟ್ಟಿಕ್ಕಿತು.

ಸೇಡು ಸಿಹಿಯಾಗಿಯೇ ಇತ್ತು. ಸುಳ್ಳೇಕೆ ಹೇಳಬೇಕು? ಬೆಲ್ಲ ಕಚ್ಚಿದಷ್ಟು ಸಿಹಿ!

ಆದರೆ... ಅವನೇಕೆ ನಿಲ್ಲಿಸುತ್ತಿಲ್ಲ?

ಎರಡೂ ಪಾಲು ಗೊತ್ತಿರುವ ಮೇಷ್ಟ್ರು ಅವನು. ಬೇಕಿದ್ದರೆ ಅವಳ ಸಂದಿಗಳಲ್ಲೂ ನಾಲ್ಕು ಪೆಟ್ಟು ತುಂಬಿ ಮಾನ ಉಳಿಸಿಕೊಳ್ಳಬಹುದಿತ್ತು. ತುಂಬಲಿಲ್ಲ. ಅವಳ ಪ್ರತಿಯೊಂದು ಜಾಗವನ್ನೂ ಖಾಲಿ ಬಿಟ್ಟು, ನಗುವವರ ಮುಂದೆ, ಕೊನೆಯ ಪೆಟ್ಟಿನವರೆಗೂ ಅರ್ಧವನ್ನೇ ಬಾರಿಸಿದ.

ಅವಳೂ ಕೈ ಎತ್ತಲಿಲ್ಲ. ಕೊನೆಯವರೆಗೂ.

ಅಂಕಪಟ್ಟಿಯಲ್ಲಿ ಅವಳು ಫೇಲು, ಸಭೆಯ ಕಣ್ಣಲ್ಲಿ ಅವನು.

* * *

ವಾದ್ಯಗಳ ಕೋಣೆಯಲ್ಲಿ ಅವಳು ಸಿಡಿದಳು.

"ಹೇಗಿತ್ತು? ನಿನ್ನ ದಾರಿ ಕಾಯ್ತಾ ನಾನು ಹೀಗೇ ಕೂತಿದ್ದೆ! ಆ ನಗು ಇವತ್ತಿಗೂ ಕಿವಿಯಲ್ಲಿದೆ!"

ಅವನು ಗೋಡೆಗೆ ಒರಗಿದ.

"ನೀನು... ಆವತ್ತು ಪರೀಕ್ಷೆಗೆ ಹೋಗಿದ್ಯಾ?"

"ಅಂದ್ರೆ?"

"ಹಿಂದಿನ ದಿನ ನಿಮ್ಮನೆಗೆ ಬಂದಿದ್ದೆ. ನಿಮ್ಮಣ್ಣ ಬಾಗಿಲಲ್ಲೇ ತಡೆದ. 'ಅವಳು ಮದುವೆಗೆ ಒಪ್ಪಿದ್ದಾಳೆ, ಪರೀಕ್ಷೆ ಬರೆಯಲ್ಲ. ನೀನು ಅಲ್ಲಿಗೆ ಹೋದ್ರೆ ಅವಳ ಹೆಸರಿಗೆ ಮಸಿ. ಮರ್ಯಾದೆ ಇದ್ರೆ ಹೋಗಬೇಡ' ಅಂದ. ನೀನೇ ಹೇಳಿ ಕಳಿಸಿದ್ದು ಅಂದ್ಕೊಂಡೆ. ನಾನೂ ಪರೀಕ್ಷೆ ಬಿಟ್ಟು ಹೊರದೇಶಕ್ಕೆ ಹೋದೆ, ಮೊದಲಿಂದ ಓದಿದೆ... ಇವತ್ತು ನೀನು ಕೋಲು ಕೆಳಗಿಟ್ಟಾಗ್ಲೇ ಅನುಮಾನ ಬಂತು, ಆವತ್ತು ನೀನು ಒಬ್ಬಳೇ ಕೂತಿದ್ಯೇನೋ ಅಂತ. ಅದಕ್ಕೇ... ನಿನ್ನ ಜಾಗ ತುಂಬೋಕೆ ಕೈ ಬರಲಿಲ್ಲ."

ಅವಳು ಅಲ್ಲೇ ಅಣ್ಣನಿಗೆ ಫೋನು ಮಾಡಿದಳು. ಕೇಳಿದಳು.

"ಹಳೇ ಕತೆ ಈಗ್ಯಾಕೆ?" ಎಂದ ಅಣ್ಣ. "ನಿನ್ನ ಒಳ್ಳೇದಕ್ಕೇ ಹಾಗಂದೆ."

"ನನ್ನ ಒಳ್ಳೇದನ್ನ ನನ್ನ ಕೇಳಿ ಮಾಡಬೇಕಿತ್ತು ಅಣ್ಣ! ಇನ್ನು ಮೇಲೆ ನಿನಗೆ ತಂಗಿ ಇಲ್ಲ. ಇದು ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಫೋನು ಇಟ್ಟಳು. ಅವನು ಸಮಾಧಾನ ಹೇಳಲು ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಲ್ಲು! ಅವನು ಸುಳ್ಳು ಹೇಳಿದ. ನೀನು ನಂಬಿದೆ. ನನ್ನ ಬದುಕನ್ನ ಬಾಗಿಲಲ್ಲಿ ನಿಂತು ಇಬ್ಬರು ಗಂಡಸರು ಮಾತಾಡಿ ಮುಗಿಸಿದ್ರಿ. ಒಳಗಿದ್ದೆನಲ್ಲ ನಾನು? ಒಂದು ಸಲ ಕೂಗಿದ್ರೆ ಸಾಕಿತ್ತು!"

ಅವನ ಕಣ್ಣು ತುಂಬಿತ್ತು.

"ಹೌದು," ಎಂದ. "ಕೂಗಬೇಕಿತ್ತು."

* * *

ಮರುಪರೀಕ್ಷೆ ನಿಗದಿಯಾಯಿತು. ಅವಳ ತರಗತಿಯನ್ನು ಬೇರೆ ಮೇಡಂಗೆ ವಹಿಸಿಕೊಟ್ಟು ಅವನು ಬೇಕರಿಗೆ ಬಂದ. ಬೆಳಗಿನ ಗಿರಾಕಿಗಳೆಲ್ಲ ತಿರುಗಿ ನೋಡುವಂತೆ, ಗಲ್ಲಾದ ಆಚೆಯಿಂದಲೇ, ಅವಳ ಹೆಸರು ಹಿಡಿದು ಕೂಗಿದ. ಬನ್ನು ಕೊಳ್ಳಲು ಬಂದ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡರು.

ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

"ಏನಿದು ರಂಪ?"

"ಕೇಳೋಕೆ ಬಂದೆ. ನಿನ್ನನ್ನೇ. ಮರುಪರೀಕ್ಷೆಗೆ ನಿನ್ನೆದುರು ಯಾರು ಕೂರಬೇಕು? ನಾನು ಬೇಡ ಅಂದ್ರೆ ಬೇರೆಯವರನ್ನ ಕಳಿಸ್ತೀನಿ."

"ಮತ್ತೆ?"

"ಮತ್ತೆ... ಪರೀಕ್ಷೆ ಆದಮೇಲೂ ನಿನ್ನೆದುರು ಕೂರೋ ಆಸೆ. ಆವತ್ತೂ ಪ್ರೀತಿಸಿದ್ದೆ. ಇವತ್ತೂ. ಬೇರೆ ಯಾರ ಜೊತೆಗೂ ಜೋಡಿ ಆಗಲಿಲ್ಲ ನಾನು."

ಅಜ್ಜಿ ಕಿವಿಯಿಂದ ಕೈ ತೆಗೆದರು.

"ಪರೀಕ್ಷೆಗೆ ನೀನೇ ಬಾ," ಎಂದಳು. "ನಿನ್ನ ಕೈ ನಂಗೆ ಗೊತ್ತು."

"ಹಾಗಾದ್ರೆ... ಕ್ಷಮಿಸಿದ್ಯಾ?"

"ಇಲ್ಲ."

ಅವನ ಮುಖ ಬಾಡಿತು, ಕಣ್ಣು ತುಳುಕಿತು. ಅವಳು ಹಿಟ್ಟಿನ ಬೆರಳಿಂದ ಅವನ ಒದ್ದೆ ಕೆನ್ನೆ ಒರೆಸಿದಳು. ಕೆನ್ನೆ ಬೆಳ್ಳಗಾಯಿತು.

"ದಿನಾ ಸ್ವಲ್ಪ ಸ್ವಲ್ಪ ಕ್ಷಮಿಸ್ತೀನಿ. ಮುಗಿಯೋವರೆಗೂ ನೀನು ನನ್ನ ಜೊತೆಗೇ ಇರಬೇಕಾಗುತ್ತೆ."

"ಯಾವಾಗ ಮುಗಿಯುತ್ತೆ?"

"ಯಾಕೆ, ಅವಸರ ಇದೆಯಾ?"

"ಇಲ್ಲ ಕಣೇ... ಒಂಚೂರೂ ಇಲ್ಲ."